ರ‍್ಯಾಂಕ್ ವಿದ್ಯಾರ್ಥಿ ಕಟ್ಟಿದ ಕಸುಬಿನ ಶಾಲೆ

ಸೆಪ್ಟೆಂಬರ್ 15 ಬಂತೆಂದರೆ ಶಾಲಾ ಕಾಲೇಜುಗಳ ಗೋಡೆಗಳ ಮೇಲೆ ಮೈಸೂರು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ಕಾಣುತ್ತದೆ. ಕನ್ನಂಬಾಡಿ ಕಟ್ಟೆ ಕಟ್ಟಿದವರು, ಮೈಸೂರಿನ ದಿವಾನರಾಗಿದ್ದವರು, ಭಾರತರತ್ನ ಪಡೆದವರು ಎಂಬ ಮೂರು ಮಾತು ನಮಗೆಲ್ಲ ಬಾಯಿಪಾಠ. ಆದರೆ ಅವರ ಬದುಕಿನ ಒಂದು ಎಳೆ ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಅವರು ಮೊದಲು ಒಬ್ಬ ತಾಂತ್ರಿಕ ವಿದ್ಯಾರ್ಥಿ. ವಿದ್ಯಾರ್ಥಿವೇತನದಿಂದ ಓದಿ ಮೊದಲ ಸ್ಥಾನ ಗಳಿಸಿದವರು. ಮುಂದೆ ಮುಪ್ಪಿನಲ್ಲಿ, ತಮಗೆ ಸಲ್ಲಬೇಕಿದ್ದ ಹಣವನ್ನು ಕೊಟ್ಟು ಕಸುಬು ಕಲಿಸುವ ಶಾಲೆಯೊಂದು ಹುಟ್ಟಲು ಕಾರಣರಾದರು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯೋ, ಐಟಿಐಯೋ, ಡಿಪ್ಲೊಮಾವೋ ಎಂದು ತಲೆ ಕೆಡಿಸಿಕೊಳ್ಳುವ ನಮ್ಮ ಮನೆಗಳಿಗೆ ಬೇಕಾಗಿರುವುದು ಈ ಎಳೆಯೇ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ನಂದಿ ಬೆಟ್ಟದ ತಪ್ಪಲಲ್ಲಿ. ನಮ್ಮ ಮಿಡಿಗೇಶಿಯಂತೆಯೇ ಅದೂ ಬೆಟ್ಟ, ಬಂಡೆ, ಕೆರೆಗಳ ನಾಡು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ ನೋಡುವುದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ವಿದ್ವತ್ತು ಇತ್ತು, ಹಣವಿರಲಿಲ್ಲ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಾಲೆ ಮುಗಿದ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿ ಆಸರೆಯಾದವರು ಸೋದರಮಾವ.

ವೆಸ್ಲಿಯನ್ ಮಿಷನ್ ಹೈಸ್ಕೂಲು, ಅನಂತರ ಸೆಂಟ್ರಲ್ ಕಾಲೇಜು. ಕಾಲೇಜಿನ ಖರ್ಚಿಗೆ ಮನೆಯಿಂದ ಹಣ ಬರುವಂತಿರಲಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿದ್ದ ಒಂದು ಕೊಡಗಿನ ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದನ್ನು ನಡೆಸಿಕೊಂಡರು. ಸಂಜೆ ಟ್ಯೂಷನ್ ಹೇಳಿ, ರಜಾದಿನಗಳಲ್ಲಿ ಅಂಗಡಿಯಲ್ಲಿ ನಿಂತು ಓದುವ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಮಾತು ವಿವರಿಸಬೇಕಿಲ್ಲ. 1881ರಲ್ಲಿ ವಿಶ್ವೇಶ್ವರಯ್ಯನವರು ಬಿ.ಎ. ಪದವಿ ಪಡೆದರು. ಆಗ ಮೈಸೂರು ಸೀಮೆಯಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಪದವಿ ಕೊಡುತ್ತಿದ್ದದ್ದು ಮದ್ರಾಸು.

ಅದೇ 1881ರಲ್ಲಿ ಮೈಸೂರು ರಾಜ್ಯ ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದಿಂದ ಒಡೆಯರ ಕೈಗೆ ಮರಳಿತು. ಹೊಸ ಸರ್ಕಾರ ಕೆಲವು ಬುದ್ಧಿವಂತ ಯುವಕರನ್ನು ತಾಂತ್ರಿಕ ಓದಿಗೆ ಹೊರಗೆ ಕಳುಹಿಸಲು ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದನ್ನು ಪಡೆದು ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜಿಗೆ ಸಿವಿಲ್ ಎಂಜಿನಿಯರಿಂಗ್ ಕಲಿಯಲು ಹೋದರು. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಸಾಕು, ಅರ್ಜಿಯ ಕೊನೆಯ ದಿನಾಂಕ ಮೀರದಂತೆ ನೋಡಿಕೊಳ್ಳಿ ಎಂದು ಕಚೇರಿಯವರು ಯಾಕೆ ಮತ್ತೆ ಮತ್ತೆ ಹೇಳುತ್ತಾರೆ ಎಂಬುದು ಅರ್ಥವಾಗುತ್ತದೆ.

1883ರಲ್ಲಿ ಪುಣೆಯ ಎಂಜಿನಿಯರಿಂಗ್ ಪರೀಕ್ಷೆಯ ಫಲಿತಾಂಶ ಬಂತು. ಮುದ್ದೇನಹಳ್ಳಿಯ ಹುಡುಗನಿಗೆ ಮೊದಲ ಸ್ಥಾನ, ಜೊತೆಗೆ ಜೇಮ್ಸ್ ಬರ್ಕ್ಲಿ ಬಹುಮಾನ. ಬರ್ಕ್ಲಿ ಎಂಬಾತ ಮುಂಬೈಯಿಂದ ಪಶ್ಚಿಮಘಟ್ಟ ಹತ್ತಿಸಿ ರೈಲುದಾರಿ ಹಾಕಿಸಿದ ಮುಖ್ಯ ಎಂಜಿನಿಯರು. ಅವರ ಹೆಸರಿನ ಬಹುಮಾನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ದೊಡ್ಡ ಗೌರವ. ಮೊದಲ ಸ್ಥಾನ ಪಡೆದವರಿಗೆ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಗುತ್ತಿತ್ತು. 1884ರಲ್ಲಿ ಅವರು ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು.

ಮೈಸೂರಿನ ಹಣದಲ್ಲಿ ಓದಿದವರು ಮುಂದಿನ ಸುಮಾರು ಇಪ್ಪತ್ತೈದು ವರ್ಷ ಮುಂಬೈ ಪ್ರಾಂತ್ಯಕ್ಕೆ ದುಡಿದರು. ಆ ದುಡಿಮೆಯಲ್ಲಿ ಅವರ ಕೈ ಪಳಗಿತು. ಸಿಂಧ್ ಪ್ರದೇಶದ ಸುಕ್ಕೂರ್ ಎಂಬ ಊರಿಗೆ ಕುಡಿಯುವ ನೀರು ಕೊಡಬೇಕಾಗಿತ್ತು. ಇಂದು ಅದು ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಇದ್ದರೂ ನೀರೆಲ್ಲ ಕೆಸರು. ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಊರಿನ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಜರಡಿಯಾಯಿತು. ಮರಳಿನ ಮೂಲಕ ಇಳಿದು ಬಾವಿಗೆ ಬಂದ ನೀರು ತಿಳಿಯಾಗಿತ್ತು. ಅದನ್ನು ಎತ್ತರಕ್ಕೆ ಪಂಪ್ ಮಾಡಿ ಊರಿಗೆ ಹಂಚಿದರು.

ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ಹೊತ್ತಿಗೆ ಅವರು ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ಕೋಡಿಯ ಮೇಲೆ ಹರಿದು ವ್ಯರ್ಥವಾಗುವ ನೀರನ್ನು ಈ ಬಾಗಿಲುಗಳು ತಡೆದು ನಿಲ್ಲಿಸುತ್ತಿದ್ದವು. ನೀರು ಅಪಾಯದ ಮಟ್ಟ ದಾಟಿದ ಕೂಡಲೇ ನೀರಿನ ಒತ್ತಡದಿಂದಲೇ ತಾವಾಗಿ ತೆರೆದುಕೊಳ್ಳುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯುವ ಉಪಾಯ ಅದು. ಈ ವಿನ್ಯಾಸವನ್ನು ಬೇರೆ ಜಲಾಶಯಗಳಲ್ಲೂ ಬಳಸಿದರು. ಕೆರೆ ಕೋಡಿ ಬೀಳುವುದನ್ನು ಹಬ್ಬದಂತೆ ನೋಡುವ ನಮ್ಮ ಮಧುಗಿರಿ, ಶಿರಾ, ಪಾವಗಡ ಸೀಮೆಯವರಿಗೆ ಈ ಉಪಾಯದ ಬೆಲೆ ಬೇಗ ತಿಳಿಯುತ್ತದೆ.

1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆ ವೇಳೆಗೆ ಮುಂಬೈ ಸೇವೆಯಿಂದ ನಿವೃತ್ತಿ ಪಡೆಯುತ್ತಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿಯಬೇಕೆಂಬ ಯೋಜನೆ ಅವರದು. ಮುಂದೆ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್ ಕಟ್ಟಿದ್ದು ಅದರಂತೆಯೇ. ಹೈದರಾಬಾದಿನಲ್ಲಿ ನೆಂಟರಿರುವ ನಮ್ಮ ವಿದ್ಯಾರ್ಥಿಗಳು ಆ ನೀರನ್ನು ಕುಡಿದಿರಲೂಬಹುದು.

1909ರಲ್ಲಿ ಮೈಸೂರು ಅವರನ್ನು ಮುಖ್ಯ ಎಂಜಿನಿಯರರನ್ನಾಗಿ ಕರೆಯಿತು. ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಆ ಜಾಗದ ಬಳಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನರು ಕಟ್ಟೆಗೆ ಅಡಿಪಾಯ ಹಾಕಿದ ಪರ್ಷಿಯನ್ ಶಾಸನವೊಂದು ಸಿಕ್ಕಿತು. ಅದನ್ನು ಕೃಷ್ಣರಾಜಸಾಗರದ ದ್ವಾರದ ಬಳಿ ಇಂದಿಗೂ ನೋಡಬಹುದು. ಸುಲ್ತಾನರು ಕಂಡ ಕನಸು ಮಹಾರಾಜರ ಕಾಲದಲ್ಲಿ ವಿಶ್ವೇಶ್ವರಯ್ಯನವರ ಕೈಯಲ್ಲಿ ಮೊದಲಾಗಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮುಗಿಯಿತು. ದೊಡ್ಡ ಕೆಲಸ ಒಬ್ಬರಿಂದ ಆಗುವುದಿಲ್ಲ.

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಎಂಜಿನಿಯರ್ ಒಬ್ಬರು ದಿವಾನರಾದಾಗ ಅಣೆಕಟ್ಟುಗಳನ್ನೇ ಕಟ್ಟುತ್ತಾರೆ ಎಂದು ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಅವರು ಹೆಚ್ಚಾಗಿ ಕಟ್ಟಿದ್ದು ಶಾಲೆಗಳನ್ನು. 1898ರಲ್ಲಿ ಅವರು ಜಪಾನ್ ದೇಶವನ್ನು ನೋಡಿ ಬಂದಿದ್ದರು. ಕೆಲವೇ ದಶಕಗಳಲ್ಲಿ ಆ ದೇಶ ಕೈಗಾರಿಕೆಯಲ್ಲಿ ಮುಂದೆ ಬಂದದ್ದು ಹೇಗೆ ಎಂಬುದಕ್ಕೆ ಅವರಿಗೆ ಸಿಕ್ಕ ಉತ್ತರ ಶಿಕ್ಷಣ. ಎಲ್ಲ ಮಕ್ಕಳಿಗೂ ಅಕ್ಷರ, ಅದರ ಮೇಲೆ ಕೈಕೆಲಸದ ತರಬೇತಿ, ಅದರ ಮೇಲೆ ಉನ್ನತ ವಿಜ್ಞಾನ. ಮೂರೂ ಮೆಟ್ಟಿಲು ಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹತ್ತಲಾಗದು.

ಮೈಸೂರಿನಲ್ಲಿ ಅವರು ಮಾಡಿದ್ದೂ ಅದನ್ನೇ. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಅವರ ಆರು ವರ್ಷಗಳಲ್ಲಿ ರಾಜ್ಯದ ಶಾಲೆಗಳ ಸಂಖ್ಯೆಯೂ ಮಕ್ಕಳ ಸಂಖ್ಯೆಯೂ ದುಪ್ಪಟ್ಟಿಗಿಂತ ಹೆಚ್ಚಾದವು. ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ಕೆತ್ತನೆ, ಲೋಹದ ಕೆಲಸಗಳನ್ನು ಕಲಿಸುತ್ತಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಪದವಿಗಾಗಿ ಮದ್ರಾಸು, ಎಂಜಿನಿಯರಿಂಗಿಗಾಗಿ ಪುಣೆ ಎಂದು ತಾವು ಅಲೆದ ದಾರಿಯನ್ನು ಮುಂದಿನ ಹುಡುಗರು ಅಲೆಯಬೇಕಾಗಿಲ್ಲದಂತೆ ಮಾಡಿದರು. ಆ ಎಂಜಿನಿಯರಿಂಗ್ ಕಾಲೇಜು ಈಗ ಅವರ ಹೆಸರನ್ನೇ ಹೊತ್ತು ಕೆ.ಆರ್. ಸರ್ಕಲ್ ಬಳಿ ನಿಂತಿದೆ.

ಕಾರ್ಖಾನೆಗೂ ಶಾಲೆಗೂ ಇರುವ ನಂಟು ತಿಳಿಯಲು ಮೈಸೂರು ಸ್ಯಾಂಡಲ್ ಸೋಪಿನ ಕತೆಯೊಂದು ಸಾಕು. ಮೊದಲ ಮಹಾಯುದ್ಧ ಬಂದಾಗ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಮರ ರಾಶಿ ಬಿದ್ದಿತು. ಎಣ್ಣೆ ತೆಗೆಯುವ ವಿದ್ಯೆ ನಮ್ಮಲ್ಲಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎಣ್ಣೆ ತೆಗೆಯುವ ಕ್ರಮವನ್ನು ರೂಪಿಸಿದರು, ಕಾರ್ಖಾನೆ ಶುರುವಾಯಿತು. ಆ ಎಣ್ಣೆಯಿಂದ ಸಾಬೂನು ಮಾಡುವುದನ್ನು ಕಲಿತು ಬರಲು ಎಸ್.ಜಿ. ಶಾಸ್ತ್ರಿ ಎಂಬ ಯುವ ರಸಾಯನ ವಿಜ್ಞಾನಿಯನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಕಲಿತು ಬಂದರು, ನೂರು ವರ್ಷ ದಾಟಿದರೂ ಆ ಸಾಬೂನು ನಮ್ಮ ಮನೆಗಳಲ್ಲಿದೆ. ಒಬ್ಬ ವಿದ್ಯಾರ್ಥಿಯ ತರಬೇತಿಗೆ ಮಾಡಿದ ಖರ್ಚು ಎಷ್ಟು ತಲೆಮಾರುಗಳಿಗೆ ಅನ್ನ ಕೊಟ್ಟಿತು ನೋಡಿ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂದು ಹಿಂದುಳಿದ ಸಮುದಾಯಗಳು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಕೇಳಿಕೊಂಡಿದ್ದವು. ಮುಸ್ಲಿಮರೂ ಅವರಲ್ಲಿ ಸೇರಿದ್ದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಕೆಲಸ ಕೊಡುವಾಗ ಅರ್ಹತೆಯೊಂದನ್ನೇ ನೋಡಬೇಕು, ಹಿಂದುಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಶಿಕ್ಷಣವೂ ಬೇಕು, ಕೆಲಸದಲ್ಲಿ ಪಾಲೂ ಬೇಕು ಎಂಬುದು ಮಹಾರಾಜರ ನಿಲುವು. ಇಬ್ಬರೂ ಒಂದಾಗಲಿಲ್ಲ. ಮಿಲ್ಲರ್ ಸಮಿತಿ 1919ರಲ್ಲಿ ಪಾಲಿನ ಪರವಾಗಿಯೇ ವರದಿ ಕೊಟ್ಟಿತು. ಇಂದಿನ ಮೀಸಲಾತಿಯ ಬೇರು ಅಲ್ಲಿದೆ.

ಈ ವಿಷಯದಲ್ಲಿ ಇತಿಹಾಸ ಮಹಾರಾಜರ ಪರ ನಿಂತಿತು ಎಂದು ಹೇಳಿದರೆ ತಪ್ಪಾಗಲಾರದು. ಓಡುವ ದಾರಿಯಲ್ಲಿ ಎಷ್ಟೋ ಹಿಂದೆ ನಿಂತವನಿಗೆ ಓಡು ಎಂದಷ್ಟೇ ಹೇಳಿದರೆ ಸಾಲದು. ಆದರೂ ವಿಶ್ವೇಶ್ವರಯ್ಯನವರ ಮಾತಿನ ಅರ್ಧ ಭಾಗ ಇಂದಿಗೂ ಸತ್ಯ. ಸೀಟು ಸಿಕ್ಕಿದ ಮೇಲೆ ಕಲಿಯಬೇಕಾದವರು ನಾವೇ. ಒಬ್ಬ ದೊಡ್ಡ ಮನುಷ್ಯನನ್ನು ಗೌರವಿಸಲು ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕಾಗಿಲ್ಲ.

ದಿವಾನಗಿರಿ ಬಿಟ್ಟವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದರೂ ನಷ್ಟದಲ್ಲಿ ಮುಳುಗುತ್ತಿತ್ತು. ಮಹಾರಾಜರ ಕರೆಗೆ ಓಗೊಟ್ಟು ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾದರು. ಭಿನ್ನಾಭಿಪ್ರಾಯದಿಂದ ದೂರವಾಗಿದ್ದ ಇಬ್ಬರೂ ರಾಜ್ಯದ ಕೆಲಸಕ್ಕಾಗಿ ಮತ್ತೆ ಜೊತೆಯಾದರು. ಸುಮಾರು ಆರು ವರ್ಷ ಅವರು ಕಾರ್ಖಾನೆಯನ್ನು ನಡೆಸಿ ಹಳಿಗೆ ತಂದರು, ನಮ್ಮವರನ್ನೇ ಕೆಲಸಕ್ಕೆ ತರಬೇತುಗೊಳಿಸಿದರು.

1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲರು ಕೈಗಾರಿಕೆಯ ಅದೇ ದಾರಿಯಲ್ಲಿ ನಡೆದರು. ಅವರ ತಾತ ಆಗಾ ಅಲಿ ಅಸ್ಕರ್ ಇರಾನಿನಿಂದ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದವರು. ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ ಮತ್ತು ಸಿಮೆಂಟು, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುದ್ದೀಪ, 1940ರಲ್ಲಿ ವಿಮಾನ ಕಾರ್ಖಾನೆ, ಇವೆಲ್ಲ ಅವರ ಕಾಲದವು. ಕಾರ್ಖಾನೆಗಳೇನೋ ಎದ್ದು ನಿಂತವು. ಯಂತ್ರ ನಡೆಸುವವರು, ಬೆಸುಗೆ ಹಾಕುವವರು, ವೈರಿಂಗ್ ಮಾಡುವವರು, ನಕ್ಷೆ ಓದುವವರು ಎಲ್ಲಿಂದ ಬರಬೇಕು? ಎಂಜಿನಿಯರಿಂಗ್ ಕಾಲೇಜಿನಿಂದ ಬರುವವರು ಕೆಲವೇ ಜನ. ಹಳ್ಳಿಯ ಶಾಲೆಯಿಂದ ಬಂದವರಿಗೆ ಅಕ್ಷರ ಗೊತ್ತು, ಯಂತ್ರ ಗೊತ್ತಿಲ್ಲ. ನಡುವಿನ ಮೆಟ್ಟಿಲು ಖಾಲಿಯಿತ್ತು.

ಆ ಮೆಟ್ಟಿಲಿಗೆ ವಿಶ್ವೇಶ್ವರಯ್ಯನವರು ಕೊಟ್ಟದ್ದು ತಮ್ಮ ಸ್ವಂತ ದುಡಿಮೆಯನ್ನು. ಭದ್ರಾವತಿಯ ಕೆಲಸಕ್ಕಾಗಿ ಅವರಿಗೆ ಸಲ್ಲಬೇಕಿದ್ದ ಸಂಭಾವನೆ ಲಕ್ಷ ರೂಪಾಯಿಗೂ ಮೀರಿತ್ತು. ಒಂದು ರೂಪಾಯಿಗೆ ಮನೆಮಂದಿಯೆಲ್ಲ ಊಟ ಮಾಡಬಹುದಾಗಿದ್ದ ಕಾಲದ ಲಕ್ಷ ಅದು. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆ ಕಟ್ಟಲು ಕೊಟ್ಟರು. ಅದಕ್ಕೆ ಅವರ ಹೆಸರನ್ನೇ ಇಡಬೇಕೆಂಬ ಮಾತು ಬಂದಾಗ ಒಪ್ಪದೆ, ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಈಗ ಎಲ್ಲರೂ ಎಸ್.ಜೆ.ಪಿ. ಎಂದು ಕರೆಯುವ ಸರ್ಕಾರಿ ಪಾಲಿಟೆಕ್ನಿಕ್ ಅದೇ. ಆಗ ವಿಶ್ವೇಶ್ವರಯ್ಯನವರಿಗೆ ಎಂಬತ್ತು ದಾಟಿತ್ತು.

ಆ ಸಂಸ್ಥೆಯಲ್ಲಿ ಮಾಮೂಲಿ ತಾಂತ್ರಿಕ ವಿಷಯಗಳ ಜೊತೆಗೆ, ಆ ಕಾಲಕ್ಕೆ ದೇಶದಲ್ಲಿ ಅಪರೂಪವಾಗಿದ್ದ ಚಲನಚಿತ್ರ ಛಾಯಾಗ್ರಹಣವೂ ಇತ್ತು. ಅದರ ಆರಂಭದ ವರ್ಷಗಳಲ್ಲಿ ಮೈಸೂರಿನ ಹುಡುಗನೊಬ್ಬ ಡಿಪ್ಲೊಮಾಕ್ಕೆ ಸೇರಿದ. ಹೆಸರು ವಿ.ಕೆ. ಮೂರ್ತಿ. ಕ್ಯಾಮೆರಾ, ಲೆನ್ಸು, ಬೆಳಕು ಇವನ್ನು ಕ್ರಮವಾಗಿ ಕಲಿತು ಮುಂಬೈಗೆ ಹೋದವರು ಗುರುದತ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ಪ್ಯಾಸಾ ಅವರ ಕೆಲಸ. 1959ರ ಕಾಗಝ್ ಕೆ ಫೂಲ್ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅದೂ ಅವರದೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಎಂಬ ಗೌರವ ಈ ಡಿಪ್ಲೊಮಾ ವಿದ್ಯಾರ್ಥಿಗೆ ಸಂದಿತು. ಮುಂದೆ ನಿರ್ದೇಶಕರಾಗಿ ಹೆಸರಾದ ಗೋವಿಂದ ನಿಹಲಾನಿಯವರು ಛಾಯಾಗ್ರಹಣ ಕಲಿತದ್ದೂ ಅಲ್ಲೇ. ಕಬ್ಬಿಣದ ಕಾರ್ಖಾನೆಯ ಸಂಭಾವನೆ ಬೆಳ್ಳಿತೆರೆಯ ಬೆಳಕಾಯಿತು. ಒಳ್ಳೆಯ ಶಾಲೆಯಿಂದ ಏನು ಹೊರಬರುತ್ತದೆ ಎಂಬುದನ್ನು ಕಟ್ಟಿದವರೂ ಮುಂಚಿತವಾಗಿ ಊಹಿಸಲಾರರು.

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಅವರು ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಹುಟ್ಟೂರು ಮುದ್ದೇನಹಳ್ಳಿಯಲ್ಲೇ.

ಇನ್ನು ನಮ್ಮ ವಿಷಯ. ಮಿಡಿಗೇಶಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲೇ ಹೋಗಿ, ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಟೈಲರಿಂಗ್, ಮೋಟಾರ್ ರಿವೈಂಡಿಂಗ್ ಕೆಲಸಗಳಲ್ಲಿ ನಮ್ಮ ಸಮುದಾಯದವರು ಸಿಗುತ್ತಾರೆ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಅಬ್ಬಾ, ಚಾಚಾಗಳಿದ್ದಾರೆ. ಆ ವಿದ್ಯೆಯನ್ನು ನಾವು ವಿದ್ಯೆ ಎಂದು ಕರೆಯುವುದಿಲ್ಲ. ಓದದಿದ್ದರೆ ಗ್ಯಾರೇಜಿಗೆ ಹಾಕುತ್ತೇನೆ ಎಂದು ಮಕ್ಕಳನ್ನು ಹೆದರಿಸುತ್ತೇವೆ. ಹೀಗೆ ಕಸುಬು ಶಿಕ್ಷೆಯಾಗಿ, ಓದು ಕಸುಬಿನಿಂದ ಓಡಿಹೋಗುವ ದಾರಿಯಾಗಿ ಕಾಣುತ್ತದೆ. ಪರಿಣಾಮ ಎರಡು ಕಡೆ ನಷ್ಟ. ಕೈ ಬಲ್ಲವನ ಬಳಿ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರ ಇರುವವನ ಕೈಗೆ ಕೆಲಸ ಬರುವುದಿಲ್ಲ.

ನಮ್ಮ ದೀನ್ ಈ ಭೇದವನ್ನು ಕಲಿಸಿಲ್ಲ. ಪ್ರವಾದಿ ನೂಹ್ (ಅ) ಅವರು ನಾವೆ ಕಟ್ಟಿದವರು. ಪ್ರವಾದಿ ದಾವೂದ್ (ಅ) ಅವರಿಗೆ ಕಬ್ಬಿಣದ ಕವಚ ಮಾಡುವ ವಿದ್ಯೆಯನ್ನು ಅಲ್ಲಾಹನೇ ಕಲಿಸಿದನೆಂದು ಕುರ್‌ಆನ್ ತಿಳಿಸುತ್ತದೆ. ಪ್ರವಾದಿ ಝಕರಿಯ್ಯಾ (ಅ) ಅವರು ಬಡಗಿಯಾಗಿದ್ದರೆಂದು ಹದೀಸಿನಲ್ಲಿದೆ. ಕೈಯಿಂದ ದುಡಿಯುವುದು ಕೀಳಾಗಿದ್ದರೆ ಪ್ರವಾದಿಗಳು ಅದನ್ನು ಮಾಡುತ್ತಿರಲಿಲ್ಲ.

ಬಾಗಿಲುಗಳು ಇಂದು ತೆರೆದಿವೆ. ರಾಜ್ಯದ ಹಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದಲೇ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರೀಟೇಲ್, ಬ್ಯೂಟಿ ಮತ್ತು ವೆಲ್‌ನೆಸ್‌ನಂಥ ವೃತ್ತಿ ವಿಷಯಗಳನ್ನು ಕಲಿಸುತ್ತಾರೆ. ಎರಡು ವರ್ಷದ ಐಟಿಐ ಮುಗಿಸಿದವರಿಗೂ, ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವರಿಗೂ ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಸೇರಿದರೆ ಎಂಜಿನಿಯರ್ ಆಗುವ ದಾರಿ ಮುಚ್ಚಿತು ಎನ್ನುವುದು ತಪ್ಪು ತಿಳಿವಳಿಕೆ. ಅದು ಸುತ್ತಿನ ದಾರಿ ಇರಬಹುದು, ಆದರೆ ಆ ದಾರಿಯಲ್ಲಿ ಬಂದವನಿಗೆ ಯಂತ್ರದ ಭಯ ಇರುವುದಿಲ್ಲ.

ಕೆಲಸವೂ ಮೊದಲಿನಷ್ಟು ದೂರವಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ತುಮಕೂರಿನ ಬಳಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಅಲ್ಲೆಲ್ಲ ಬೇಕಾಗಿರುವುದು ಎಲೆಕ್ಟ್ರೀಷಿಯನ್, ಫಿಟ್ಟರ್, ವೆಲ್ಡರ್, ಯಂತ್ರದ ಪರೀಕ್ಷಕರು. ಹುಡುಗಿಯರೂ ಈ ಕೆಲಸಗಳಿಗೆ ತಯಾರಾಗಬಹುದು. ಸರ್ಕೀಟಿನ ವೈರಿಗೆ ಅದನ್ನು ಜೋಡಿಸಿದವರು ಹುಡುಗನೋ ಹುಡುಗಿಯೋ ಎಂಬುದು ತಿಳಿಯುವುದಿಲ್ಲ.

ಆದ್ದರಿಂದ ಫಲಿತಾಂಶದ ದಿನ ನಮ್ಮ ಸೂಚನಾ ಫಲಕದಲ್ಲಿ ಶೇಕಡಾವಾರು ಅಂಕಗಳ ಪಕ್ಕದಲ್ಲಿ ಇನ್ನೊಂದು ಪಟ್ಟಿಗೂ ಜಾಗ ಇರಲಿ. ಯಾರು ಯಾವ ಟ್ರೇಡ್ ಮುಗಿಸಿದರು, ಯಾರು ಪಾಲಿಟೆಕ್ನಿಕ್ ಸೇರಿದರು, ಯಾರು ಯಾವ ಯಂತ್ರವನ್ನು ದುರಸ್ತಿ ಮಾಡಲು ಕಲಿತರು ಎಂಬ ಪಟ್ಟಿ ಅದು. ಪುಣೆಯಲ್ಲಿ ಮೊದಲ ಸ್ಥಾನ ಪಡೆದ ವಿಶ್ವೇಶ್ವರಯ್ಯನವರೇ ಆ ಎರಡನೆಯ ಪಟ್ಟಿಯ ಮಕ್ಕಳಿಗಾಗಿ ತಮ್ಮ ಸಂಭಾವನೆಯನ್ನು ಬಿಟ್ಟುಕೊಟ್ಟರು. ನಮ್ಮ ಫಲಕದಲ್ಲಿ ಅವರಿಗೆ ಒಂದು ಸಾಲು ಕೊಡುವುದು ಕಷ್ಟವಲ್ಲ.